ಎದುರುಮನೆ ಆಂಟಿ ಮತ್ತು ಫ್ರಾನ್ಸಿನ ಬಟ್ಟಲು

ನಮ್ಮ ಎದುರುಮನೆ ಆಂಟಿ ಊರಿನಲ್ಲಿ ತೀರಿಕೊಂಡ ಸುದ್ದಿ ಬಹರೈನಿಗೆ ಬಂದಾಗ ಅಪ್ಪ ಮೊದಲು ನಂಬಲೇ ಇಲ್ಲ. ಇಲ್ಲಿನ ಜಿಂಜ್ ಬಡಾವಣೆಯ ನಮ್ಮ ಬಿಲ್ಡಿಂಗಿನಲ್ಲಿ ಯಾರಿಗೆ ಹೆರಿಗೆಯಾಯಿತು, ಯಾರ ವೀಸಾ ಕ್ಯಾನ್ಸಲ್ ಆಯಿತು, ಯಾರ ಮನೆಯ ಎಸಿ ಸೋರುತ್ತಿದೆ ಎಂಬುದನ್ನೆಲ್ಲ ಆಂಟಿಯ ಬಾಯಿಂದಲೇ ಕೇಳಿ ಅಭ್ಯಾಸವಾಗಿದ್ದ ಮನುಷ್ಯ ಅವರು. ಆಂಟಿಯದೇ ಸುದ್ದಿಯನ್ನು ಬೇರೆ ಯಾರೋ ಮೊಬೈಲಿನಲ್ಲಿ ಕಳಿಸಿದರೆ ನಂಬುವುದು ಹೇಗೆ? "ತಡಿ, ಅವರಿಗೇ ಫೋನ್ ಮಾಡಿ ಕೇಳ್ತೇನೆ" ಎಂದು ಮೊಬೈಲ್ ಕೈಗೆತ್ತಿಕೊಂಡರು. ಆಮೇಲೆ ತಾನು ಹೇಳಿದ್ದು ತನಗೇ ಕೇಳಿಸಿತೇನೋ, ಸುಮ್ಮನೆ ಸೋಫಾದಲ್ಲಿ ಕುಳಿತುಬಿಟ್ಟರು.

ಆಂಟಿಗೆ ಹೆಸರಿರಲಿಲ್ಲ ಎಂದಲ್ಲ. ಆದರೆ ಕೆಳಗಿನ ಮಹಡಿಯವರಿಗೂ ಮೇಲಿನ ಮಹಡಿಯವರಿಗೂ, ಯಾರ ಬಾಗಿಲಿಗೆ ಅವರ ಬಾಗಿಲು ಎದುರಾಗುವುದು ಸಾಧ್ಯವೇ ಇರಲಿಲ್ಲವೋ ಅವರಿಗೂ, ಅವರು 'ಎದುರುಮನೆ ಆಂಟಿ'ಯೇ. ಕುಳ್ಳಗೆ, ಅಗಲವಾಗಿ, ಬಾಗಿಲ ಬಳಿ ಪ್ಲಾಸ್ಟಿಕ್ ಕುರ್ಚಿ ಹಾಕಿ ಬೆಳ್ಳುಳ್ಳಿ ಸುಲಿಯುತ್ತ ಕೂತಿರುತ್ತಿದ್ದರು. ತಲೆಯ ಮೇಲಿನ ಶಾಲು ಯಾವಾಗಲೂ ಜಾರುತ್ತಿತ್ತು, ಅದನ್ನು ಯಾವಾಗಲೂ ಎಳೆದುಕೊಳ್ಳುತ್ತಿದ್ದರು. ಲಿಫ್ಟ್ ನಮ್ಮ ಮಹಡಿಯಲ್ಲಿ ನಿಂತರೆ, ಬಾಗಿಲು ತೆರೆಯುವ ಮೊದಲೇ ಒಳಗಿರುವುದು ಯಾರೆಂದು ಹೇಳುತ್ತಿದ್ದರು. ಹೇಗೆ ಎಂದು ಕೇಳಿದರೆ, "ನೀನು ಗುಂಡಿಯನ್ನು ಮೂರ್ನಾಲ್ಕು ಸಲ ಒತ್ತುತ್ತಿ, ನಿನ್ನ ಅಪ್ಪ ಒಂದೇ ಸಲ ಒತ್ತಿ ಬೈತಾರೆ" ಎನ್ನುತ್ತಿದ್ದರು.

ಅವರ ಮನೆಮಾತು ಬ್ಯಾರಿ, ನಮ್ಮದು ತುಳು. ಅಮ್ಮನೂ ಅವರೂ ದಿನದ ಮಾತಿಗೆ ತುಳು ಬಳಸುತ್ತಿದ್ದರು. ವಿಷಯ ಗಂಭೀರವಾದರೆ ಇಬ್ಬರೂ ಕನ್ನಡಕ್ಕೆ ಏರುತ್ತಿದ್ದರು. ನನಗೆ ಕನ್ನಡ ಅಕ್ಷರ ಕಲಿಸಿದ್ದು ಅಮ್ಮ. ಆ ಭಾಷೆಯಲ್ಲಿ ವಾದಿಸಿ ಗೆಲ್ಲುವುದನ್ನು ಕಲಿಸಿದ್ದು ಆಂಟಿ. ಅಮ್ಮ ಅವರನ್ನು 'ಅಕ್ಕ' ಎನ್ನುತ್ತಿದ್ದರು, ಅವರು ಅಮ್ಮನನ್ನು 'ಅಕ್ಕ' ಎನ್ನುತ್ತಿದ್ದರು. ಇಬ್ಬರಲ್ಲಿ ದೊಡ್ಡವರು ಯಾರೆಂಬುದು ಕೊನೆಯವರೆಗೂ ಇತ್ಯರ್ಥವಾಗಲಿಲ್ಲ. ಪಾಸ್‌ಪೋರ್ಟ್ ತೆಗೆದು ನೋಡಿದರೆ ಒಂದು ನಿಮಿಷದ ಕೆಲಸ ಎಂದು ಅಪ್ಪ ಹೇಳಿದಾಗ ಇಬ್ಬರೂ ಒಟ್ಟಾಗಿ ಅವರ ಮೇಲೆ ಹರಿಹಾಯ್ದಿದ್ದರು.

ಇಂಥದೇ ಇನ್ನೊಂದು ವ್ಯಾಜ್ಯ ಹಾಟ್‌ಬಾಕ್ಸಿನದು. ನಮ್ಮ ಕಡೆಯಲ್ಲಿ ನೆರೆಮನೆಯ ಪಾತ್ರೆಯನ್ನು ಯಾರೂ ಖಾಲಿ ಹಿಂದಿರುಗಿಸುವುದಿಲ್ಲ. ಏನೂ ಇಲ್ಲದಿದ್ದರೆ ಒಂದು ಹಿಡಿ ಸಕ್ಕರೆಯನ್ನಾದರೂ ಹಾಕಿ ಕೊಡಬೇಕು. ಆಂಟಿಗೆ ಇದು ಬರೀ ಪದ್ಧತಿಯಲ್ಲ, ಕಾನೂನು. ರಂಜಾನ್ ತಿಂಗಳಲ್ಲಿ ಸೂರ್ಯ ಮುಳುಗಿ ಮಗ್ರಿಬ್ ಬಾಂಗ್ ಕೂಗುವ ಸ್ವಲ್ಪ ಮೊದಲು ಹೂವಿನ ಚಿತ್ರದ ಮರೂನ್ ಹಾಟ್‌ಬಾಕ್ಸಿನಲ್ಲಿ ಅವರ ಮನೆಯಿಂದ ಸಮೋಸವೋ ಗೋಧಿಯ ಗಂಜಿಯಂಥ ಹರೀಸೋ ಬರುತ್ತಿತ್ತು; ಮರುದಿನ ನಮ್ಮಿಂದ ಅದರಲ್ಲಿ ಶ್ಯಾವಿಗೆಯೋ ಪತ್ರೊಡೆಯೋ ಹೋಗುತ್ತಿತ್ತು; ಅದರ ಮರುದಿನ ಮತ್ತೆ ಅಲ್ಲಿಂದ. ವರ್ಷಾನುಗಟ್ಟಲೆ ಹೀಗೆ ಓಡಾಡಿ ಆ ಡಬ್ಬಿ ಮೂಲತಃ ಯಾರದ್ದೆಂಬುದೇ ಇಬ್ಬರಿಗೂ ಮರೆತುಹೋಗಿತ್ತು. ಅದು ನಿಮ್ಮದು ಎಂದು ಅಮ್ಮ, ಅಲ್ಲ ನಿಮ್ಮದು ಎಂದು ಆಂಟಿ. ಹಿಡಿ ಮುರಿದ ಮೇಲೂ ಇಬ್ಬರಿಗೂ ಅದನ್ನು ಎಸೆಯಲು ಆಗಲಿಲ್ಲ. ಬೇರೆಯವರ ಪಾತ್ರೆಯನ್ನು ಎಸೆಯುವುದು ಹೇಗೆ?

ನಾನು ಕಾಲೇಜಿನ ಮೂರನೆಯ ವರ್ಷದಲ್ಲಿದ್ದಾಗ ಫ್ರಾನ್ಸಿನ ವಿಷಯ ಎದ್ದಿತು. ನಮ್ಮ ಕಾಲೇಜಿಗೂ ಲಿಯಾನ್ ಎಂಬ ಊರಿನ ಒಂದು ಕಾಲೇಜಿಗೂ ಒಪ್ಪಂದವಿತ್ತು. ಆಯ್ಕೆಯಾದವರು ಒಂದು ಸೆಮಿಸ್ಟರ್ ಅಲ್ಲಿ ಹೋಗಿ ಓದಬಹುದು. ನಾನು ಆಯ್ಕೆಯಾದೆ. ಅಪ್ಪ ಬೇಡ ಎಂದರು. ಅವರು ಗ್ಯಾರೇಜಿನಲ್ಲಿ ಫೋರ್‌ಮನ್. ಅವರ ಗದರಿಕೆಗೆ ಹೆದರುವ ಮೆಕ್ಯಾನಿಕ್‌ಗಳು ಅನೇಕರಿದ್ದರು, ಆದರೆ ಒಬ್ಬಳೇ ಮಗಳ ವಿಷಯದಲ್ಲಿ ಅವರೇ ಎಲ್ಲದಕ್ಕೂ ಹೆದರುತ್ತಿದ್ದರು. ಭಾಷೆ ಗೊತ್ತಿಲ್ಲ, ನಮ್ಮವರು ಯಾರೂ ಇಲ್ಲ, ಚಳಿ ಬೇರೆ. ನಾನು ಊಟ ಬಿಟ್ಟೆ. ಊಟ ಬಿಟ್ಟದ್ದು ಎದುರುಮನೆಗೆ ಗೊತ್ತಾಗಲು ಹೆಚ್ಚು ಹೊತ್ತು ಹಿಡಿಯಲಿಲ್ಲ.

ಆಂಟಿ ಬಂದು ಅಪ್ಪನ ಎದುರು ಕುಳಿತರು. ಕನ್ನಡಕ ತೆಗೆದು ಶಾಲಿನ ತುದಿಯಲ್ಲಿ ಒರೆಸತೊಡಗಿದರು. ಆಂಟಿ ಕನ್ನಡಕ ಒರೆಸಿದರೆಂದರೆ ಎದುರಿಗಿದ್ದವರು ಸೋತರೆಂದೇ ಲೆಕ್ಕ.

"ಅಣ್ಣ, ನೀವು ಈ ಊರಿಗೆ ಬರುವಾಗ ನಿಮಗೆ ಅರಬಿ ಗೊತ್ತಿತ್ತಾ?"

ಇಲ್ಲ ಎಂದರು ಅಪ್ಪ.

"ಈಗ ಗೊತ್ತುಂಟಾ?"

ಅಪ್ಪನ ಅರಬಿ ಸಲಾಮಿನಿಂದ ಶುರುವಾಗಿ 'ಖಲಾಸ್' ಎಂಬಲ್ಲಿಗೆ ಮುಗಿಯುತ್ತಿತ್ತು.

"ಮತ್ತೆ ಎಂತದಕ್ಕೆ ಹೆದರುದು? ಹೋಗ್ಲಿ. ಜವಾಬ್ದಾರಿ ನನ್ನದು. ಅವಳು ಅರ್ಧದಲ್ಲಿ ಓಡಿ ಬಂದ್ರೆ ಮತ್ತೆ ನೀವು ನನ್ನ ಮುಖ ನೋಡ್ಬೇಡಿ."

ಬಾಗಿಲು ತೆರೆದರೆ ಕಾಣುವುದೇ ಆ ಮುಖ. ನೋಡದೆ ಇರುವುದು ಹೇಗೆಂದು ಅಪ್ಪ ಯೋಚಿಸುತ್ತಿರುವಾಗಲೇ ಒಪ್ಪಿಗೆಯಾದಂತಾಯಿತು. ಆದರೆ ಒಂದು ಷರತ್ತು ಹಾಕಿದರು. ನಾನು ಅಲ್ಲಿ ಒಂದು ಸಲ ಅತ್ತೆನೆಂದು ತಿಳಿದರೂ ಸಾಕು, ಮರುದಿನದ ವಿಮಾನಕ್ಕೆ ಟಿಕೆಟ್. ಸೆಮಿಸ್ಟರ್ ಅರ್ಧಕ್ಕೆ ನಿಂತರೆ ಒಂದು ವರ್ಷವೇ ಹೋಗುತ್ತದೆಂದು ನನಗೆ ಗೊತ್ತಿತ್ತು. ಅಳುವುದಿಲ್ಲ ಎಂದು ಮಾತು ಕೊಟ್ಟೆ.

ಎಲ್ಲ ಮುಗಿದ ಮೇಲೆ ಆಂಟಿ ಒಂದು ಪ್ರಶ್ನೆ ಕೇಳಿದರು. ನಮ್ಮ ಹುಡುಗಿ ಅಲ್ಲಿಗೆ ಹೋಗುವುದಾದರೆ ಅಲ್ಲಿಂದ ಇಲ್ಲಿಗೆ ಬರುವುದು ಯಾರು? ಹಾಗೆ ಯಾರೂ ಬರಬೇಕೆಂದಿಲ್ಲ, ಕೆಲವು ವರ್ಷ ಯಾರೂ ಬರುವುದಿಲ್ಲ ಎಂದು ವಿವರಿಸಿದೆ. ಅವರಿಗೆ ಸಮಾಧಾನವಾಗಲಿಲ್ಲ. ಅಷ್ಟು ದೊಡ್ಡ ದೇಶದವರು, ಒಬ್ಬ ಹುಡುಗಿಯನ್ನು ಕರೆಸಿಕೊಂಡು ಆ ಕಡೆಯಿಂದ ಯಾರನ್ನೂ ಕಳಿಸದೆ ಇರುತ್ತಾರೆಯೇ? ನಾನು ಹೊರಟ ಮೇಲೂ ಅವರು ಕೆಲವು ವಾರ ಆ ಫ್ರಾನ್ಸಿನ ಹುಡುಗಿಗಾಗಿ ಕಾದರಂತೆ. ಅವಳು ಖಾರ ತಿನ್ನುವುದಿಲ್ಲವೆಂದು ಅಮ್ಮನಿಗೆ ಮುಂಚಿತವಾಗಿ ತಿಳಿಸಿದ್ದರಂತೆ ಕೂಡ.

ಲಿಯಾನ್ ಚಂದದ ಊರು. ಎರಡು ನದಿ, ಗುಡ್ಡದ ಮೇಲೆ ಇಗರ್ಜಿ, ಸದ್ದಿಲ್ಲದೆ ಬರುವ ಟ್ರಾಮ್. ನದಿಯೇ ಇಲ್ಲದ ದ್ವೀಪದಲ್ಲಿ ಬೆಳೆದವಳು ನಾನು. ಮೊದಲ ವಾರವಿಡೀ ಸೇತುವೆಯ ಮೇಲೆ ನಿಂತು ಹರಿಯುವ ನೀರು ನೋಡಿದೆ. ಬ್ರೆಡ್ಡಿನ ಅಂಗಡಿಯಲ್ಲಿ ಬೊಂಜೂರ್ ಎನ್ನದೆ ಏನಾದರೂ ಕೇಳಿದರೆ ಅಂಗಡಿಯಾಕೆ ನಾನು ಅಲ್ಲಿ ಇಲ್ಲವೇ ಇಲ್ಲ ಎಂಬಂತೆ ನಡೆದುಕೊಳ್ಳುತ್ತಾಳೆಂದು ಬೇಗ ಕಲಿತೆ. ಕಲಿಯಲಾಗದ್ದು ಭಾನುವಾರವನ್ನು ಕಳೆಯುವುದು. ನಮ್ಮ ಜಿಂಜ್‌ನಲ್ಲಿ ರಜೆಯ ದಿನವಾದ ಶುಕ್ರವಾರ ಬಂದರೆ ಮನೆಮನೆಯಲ್ಲಿ ಬಿರಿಯಾನಿ, ಮೆಟ್ಟಿಲ ಮೇಲೆಲ್ಲ ಚಪ್ಪಲಿ. ಅಲ್ಲಿ ರಜೆಯ ದಿನ ಅಂಗಡಿಗಳೆಲ್ಲ ಮುಚ್ಚಿ, ರಸ್ತೆಯೆಲ್ಲ ಖಾಲಿ. ಯಾರೂ ಯಾರ ಬಾಗಿಲನ್ನೂ ತಟ್ಟುವುದಿಲ್ಲ. ಅಮ್ಮ ದಿನವೂ ಕಂಪ್ಯೂಟರಿನಲ್ಲಿ ಕಾಣಿಸಿಕೊಂಡಾಗ ನಾನು ಹಲ್ಲು ತೋರಿಸಿ ನಗುತ್ತಿದ್ದೆ. ಅಪ್ಪ ಅಮ್ಮನ ಹಿಂದೆ ನಿಂತು ನನ್ನ ಕಣ್ಣನ್ನೇ ನೋಡುತ್ತಿದ್ದರು.

ನಾನು ಇದ್ದದ್ದು ಒಬ್ಬ ವಯಸ್ಸಾದ ಹೆಂಗಸಿನ ಮನೆಯ ಒಂದು ಕೋಣೆಯಲ್ಲಿ. ಅವರನ್ನು ಮದಾಮ್ ಎಂದು ಕರೆಯುತ್ತಿದ್ದೆ. ಗಂಡ ತೀರಿಕೊಂಡಿದ್ದರು, ಜೊತೆಗಿದ್ದದ್ದು ಒಂದು ಬೂದು ಬೆಕ್ಕು. ಎದುರಾದಾಗ ಬೊಂಜೂರ್, ಮಲಗುವಾಗ ಬೋನ್ ನ್ಯುಯಿ. ಅಷ್ಟೇ ನಮ್ಮ ಮಾತು. ಒಮ್ಮೆ ನನಗೆ ಜ್ವರ ಬಂದಾಗ ಅವರು ನೀಲಿ ಅಂಚಿನ ಬಿಳಿ ಬಟ್ಟಲಿನಲ್ಲಿ ಈರುಳ್ಳಿಯ ಸೂಪು ತಂದುಕೊಟ್ಟರು. ಅದರ ಬಿಸಿಗೇ ಅರ್ಧ ಜ್ವರ ಇಳಿಯಿತು. ಮರುದಿನ ನಾನು ಮಾಡಿದ್ದು ನಮ್ಮ ಕಡೆಯ ಯಾವ ಹುಡುಗಿಯಾದರೂ ಮಾಡುವಂಥದ್ದು. ಬಟ್ಟಲು ತೊಳೆದು, ಅದರ ತುಂಬ ಚಿತ್ರಾನ್ನ ಹಾಕಿ ಹಿಂದಿರುಗಿಸಿದೆ.

ಮದಾಮ್ ಬಹಳ ಚಕಿತರಾದರು, ಬಹಳ ಥ್ಯಾಂಕ್ಸ್ ಹೇಳಿದರು. ಎರಡು ದಿನ ಬಿಟ್ಟು ಅದೇ ಬಟ್ಟಲಿನಲ್ಲಿ ಸೇಬಿನ ಏನೋ ಸಿಹಿ ಬಂತು. ನಾನು ಉಪ್ಪಿಟ್ಟು ಹಾಕಿ ಕೊಟ್ಟೆ. ಮತ್ತೆ ಸೂಪು ಬಂತು, ಮತ್ತೆ ಚಿತ್ರಾನ್ನ ಹೋಯಿತು. ಜಿಂಜ್ ಶುರುವಾಯಿತು ಎಂದು ನಾನು ಒಳಗೊಳಗೇ ಖುಷಿಪಟ್ಟೆ. ಆದರೆ ಮದಾಮ್‌ನ ಮುಖ ದಿನದಿಂದ ದಿನಕ್ಕೆ ಸಣ್ಣದಾಗುತ್ತಿತ್ತು. ಒಂದು ಭಾನುವಾರ ಸಂಜೆ ಅವರು ನನ್ನ ಬಾಗಿಲಲ್ಲಿ ನಿಂತು, ನನಗೆ ಅರ್ಥವಾಗಲೆಂದು ನಿಧಾನವಾಗಿ ಕೇಳಿದರು. ನಾನು ಏನು ಕೊಟ್ಟರೂ ನೀವು ಕೂಡಲೇ ತೀರಿಸಿಬಿಡುತ್ತೀರಿ. ನನ್ನಿಂದ ಏನನ್ನೂ ಸುಮ್ಮನೆ ತೆಗೆದುಕೊಳ್ಳಲು ನಿಮಗೆ ಇಷ್ಟವಿಲ್ಲವೇ? ನನ್ನಿಂದ ಏನಾದರೂ ತಪ್ಪಾಯಿತೇ? ಇಷ್ಟು ಕೇಳಿ, ಬಟ್ಟಲನ್ನು ನನ್ನ ಮೇಜಿನ ಮೇಲೆ ಇಟ್ಟು ಹೋದರು. ಅದರಲ್ಲಿ ನಾನು ಕೊಟ್ಟಿದ್ದ ಚಿತ್ರಾನ್ನ ಹಾಗೇ ಇತ್ತು.

ನನಗೆ ತಡೆಯಲಾಗಲಿಲ್ಲ. ಇಡೀ ಊರಿನಲ್ಲಿ ನನಗೆ ಊಟ ಕೊಟ್ಟ ಒಂದೇ ಜೀವವನ್ನು ನೋಯಿಸಿದ್ದೆ. ಏಕೆಂದು ವಿವರಿಸಲು ನನ್ನ ಫ್ರೆಂಚ್ ಸಾಲುತ್ತಿರಲಿಲ್ಲ. ಅಮ್ಮನಿಗೆ ಕಾಲ್ ಮಾಡುವಂತಿಲ್ಲ, ಅಳು ಕಂಡರೆ ಟಿಕೆಟ್. ಆಂಟಿಯ ಮನೆಗೆ ಮಾಡಿದೆ. ತೆರೆಯ ಮೇಲೆ ಮೊದಲು ಅವರ ಹಣೆ ಮಾತ್ರ ಕಂಡಿತು, ಆಮೇಲೆ ಛಾವಣಿ, ಆಮೇಲೆ ಪೂರ್ತಿ ಮುಖ. ನಾನು ಅತ್ತೆ. ಬಟ್ಟಲಿನ ಕತೆಯನ್ನೆಲ್ಲ ಹೇಳಿ, ನನಗೆ ವಾಪಸ್ ಬರಬೇಕು ಎಂದೆ. ಅಪ್ಪನಿಗೆ ಹೇಳಬೇಡಿ ಎಂದೂ ಅಂದೆ. ಎರಡನ್ನೂ ಒಟ್ಟಿಗೆ ಹೇಗೆ ನಡೆಸುವುದೆಂದು ಅವರು ಕೇಳಲಿಲ್ಲ. ಕನ್ನಡಕ ತೆಗೆದು ಒರೆಸತೊಡಗಿದರು.

"ಬಟ್ಟಲು ಈಗ ಯಾರ ಹತ್ರ ಉಂಟು?"

"ನನ್ನ ಹತ್ರ."

"ಹಾಗಾದ್ರೆ ಕೊಡ್ಬೇಡ. ಖಾಲಿ ಮಾಡಿ ನಿನ್ನಲ್ಲೇ ಇಟ್ಕೋ."

ಜೀವಮಾನದಲ್ಲಿ ಒಂದು ಚಮಚವನ್ನೂ ಖಾಲಿ ಹಿಂದಿರುಗಿಸದ ಹೆಂಗಸು ಹೇಳುವ ಮಾತೇ ಇದು? ನಾನು ಅಳು ನಿಲ್ಲಿಸಿ ಅವರನ್ನೇ ನೋಡಿದೆ.

"ನಾವು ಪಾತ್ರೆಯಲ್ಲಿ ಹಾಕಿ ಕೊಡುದು ತೀರಿಸ್ಲಿಕ್ಕೆ ಅಲ್ಲ ಮಗಳೇ, ಅದು ಪುನಃ ಬರ್ಲಿಕ್ಕೆ. ಇಲ್ಲಿ ತುಂಬಿಸಿ ಕೊಟ್ರೆ ಬರ್ತದೆ. ಅಲ್ಲಿ ಕೊಡದಿದ್ರೆ ಬರ್ತದೆ. ಆ ಅಜ್ಜಿ ಬಟ್ಟಲು ಕೇಳ್ಲಿಕ್ಕೆ ಬರ್ತಾರೆ, ನೋಡ್ತಿರು. ಬಂದಾಗ ಕೂತ್ಕೊಳ್ಳಿ ಹೇಳು, ಚಾ ಮಾಡಿ ಕೊಡು. ಈಗ ಮುಖ ತೊಳಿ."

ಆ ಬಟ್ಟಲು ನನ್ನ ಮೇಜಿನ ಮೇಲೆ ಕುಳಿತಿತು. ಮೊದಲ ಕೆಲವು ದಿನ ಮದಾಮ್ ಕೇಳಲಿಲ್ಲ. ನನಗೆ ಕಳ್ಳಿಯ ಹಾಗೆ ಅನಿಸುತ್ತಿತ್ತು. ಅವರು ಅಡುಗೆಮನೆಯಲ್ಲಿ ಕಪಾಟು ತೆರೆದ ಸದ್ದಾದರೆ ಎದ್ದು ಬಟ್ಟಲಿನ ಮೇಲೆ ಪುಸ್ತಕ ಮುಚ್ಚುತ್ತಿದ್ದೆ. ಮುಂದಿನ ಭಾನುವಾರ ಬಾಗಿಲು ತಟ್ಟಿದರು. ಏನೂ ಅಂದುಕೊಳ್ಳಬೇಡಿ, ನನ್ನ ಬಟ್ಟಲು ನಿಮ್ಮಲ್ಲಿ ಇದೆಯೇ? ನಾನು ಆಂಟಿ ಹೇಳಿದಂತೆ ಕೂತುಕೊಳ್ಳಿ ಎಂದೆ, ಏಲಕ್ಕಿ ಹಾಕಿ ಚಾ ಮಾಡಿದೆ. ಮದಾಮ್ ನನ್ನ ಮಂಚದ ತುದಿಯಲ್ಲಿ ಕುಳಿತು ಆ ಚಾ ಕುಡಿದರು, ಬೆಕ್ಕು ಬಂದು ನಮ್ಮಿಬ್ಬರ ನಡುವೆ ಮಲಗಿತು. ಮುರುಕು ಫ್ರೆಂಚಿನಲ್ಲಿ ನಮ್ಮ ಕಡೆಯ ಪದ್ಧತಿಯನ್ನು ಹೇಳಿದೆ, ಎದುರುಮನೆ ಆಂಟಿಯ ವಿಷಯ ಹೇಳಿದೆ, ಹಾಟ್‌ಬಾಕ್ಸಿನ ಜಗಳ ಹೇಳಿದೆ. ಮದಾಮ್ ಕಣ್ಣಲ್ಲಿ ನೀರು ಬರುವವರೆಗೆ ನಕ್ಕರು. ಎದ್ದು ಹೋಗುವಾಗ ಬಟ್ಟಲನ್ನು ಮರೆತರು. ಬೇಕೆಂದೇ ಮರೆತದ್ದು. ಅದನ್ನು ಕೇಳುವ ನೆಪದಲ್ಲಿ ಮುಂದಿನ ಭಾನುವಾರವೂ ಬಂದರು. ಸೆಮಿಸ್ಟರ್ ಮುಗಿಯುವವರೆಗೂ ಬಂದರು.

ಹೊರಡುವ ದಿನ ಬಟ್ಟಲನ್ನು ಅವರ ಕೈಗೆ ಕೊಡಲು ಹೋದೆ. ಈಗ ಬೇಡ, ಮುಂದಿನ ಸಲ ಬರುವಾಗ ತನ್ನಿ ಎಂದರು. ಆಂಟಿ ಅವರಿಗೂ ಪಾಠ ಮಾಡಿದಂತಿತ್ತು.

ಹಾಗೆ ಬಟ್ಟಲು ಜಿಂಜ್‌ಗೆ ಬಂತು. ಆಂಟಿ ಅದನ್ನು ತಿರುಗಿಸಿ ನೋಡಿದರು, ಬೆರಳಿನಿಂದ ತಟ್ಟಿ ಸದ್ದು ಕೇಳಿದರು. "ಇಷ್ಟು ದಿನ ಕಾದದ್ದಕ್ಕೆ ಅಂತೂ ಆ ಕಡೆಯಿಂದ ಒಬ್ಬಳು ಬಂದ್ಲು" ಎಂದರು. ತಮ್ಮ ಮನೆಯ ಶೋಕೇಸಿನಲ್ಲಿ ಚಿನ್ನದ ಅಂಚಿನ ಚಾ ಸೆಟ್ಟಿನ ಪಕ್ಕದಲ್ಲೇ ಅದಕ್ಕೆ ಜಾಗ ಮಾಡಿದರು. ಬಂದವರಿಗೆಲ್ಲ, ಇದು ಫ್ರಾನ್ಸಿನಿಂದ ಓದಲು ಬಂದದ್ದು, ಆದರೆ ಮಾತು ಸ್ವಲ್ಪ ಕಡಿಮೆ ಎಂದು ಪರಿಚಯ ಮಾಡಿಸುತ್ತಿದ್ದರು. ನನ್ನ ಬಟ್ಟಲು ನನಗೆ ಕೊಡಿ ಎಂದರೆ, ನಿನ್ನದೆಲ್ಲಿ, ಅದು ಆ ಅಜ್ಜಿಯದ್ದಲ್ಲವೇ ಎಂದು ಬಾಯಿ ಮುಚ್ಚಿಸುತ್ತಿದ್ದರು. ಮದಾಮ್‌ಗೆ ಹೊಸ ವರ್ಷದ ಶುಭಾಶಯ ಕಳಿಸಿದಾಗಲೆಲ್ಲ ಅವರು ಬಟ್ಟಲು ಹೇಗಿದೆ ಎಂದು ಕೇಳುತ್ತಿದ್ದರು. ಆರಾಮವಾಗಿದೆ, ಊರು ಹಿಡಿಸಿದೆ ಎಂದು ಬರೆಯುತ್ತಿದ್ದೆ.

ನಾನು ಕೆಲಸಕ್ಕೆ ಸೇರಿದ ಕೆಲವು ವರ್ಷಗಳ ನಂತರ ಆಂಟಿಯ ಗಂಡ ತಮ್ಮ ಕೋಲ್ಡ್ ಸ್ಟೋರನ್ನು ಬೇರೆಯವರಿಗೆ ಒಪ್ಪಿಸಿದರು. ಕೋಲ್ಡ್ ಸ್ಟೋರ್ ಎಂದರೆ ಇಲ್ಲಿ ಬೀದಿಯ ಮೂಲೆಯ ದಿನಸಿ ಅಂಗಡಿ. ಬಿಲ್ಡಿಂಗಿನ ಕೆಳಗಿದ್ದ ಅದೇ ಅವರ ಜೀವನ. ಅದು ಹೋದ ಮೇಲೆ ವೀಸಾ ಕ್ಯಾನ್ಸಲ್ ಮಾಡಿ ಗಂಡಹೆಂಡತಿ ಊರಿಗೆ ಹೊರಟರು. ಮಗಳನ್ನು ಮಾತ್ರ ಇಲ್ಲೇ ಮದುವೆ ಮಾಡಿಕೊಟ್ಟಿದ್ದರು, ಪಕ್ಕದ ಮುಹರಕ್ ದ್ವೀಪದ ಅರಾದಿನಲ್ಲಿ. ಹೊರಡುವ ಮೊದಲು ನಾನು ಬಟ್ಟಲು ಕೇಳಿದೆ. ಅದನ್ನು ಮಗಳ ಮನೆಗೆ ಕಳಿಸಿಯಾಯಿತು ಎಂದರು. ನನಗೆ ಸ್ವಲ್ಪ ಸಿಟ್ಟೇ ಬಂತು. ಆಂಟಿ ಕನ್ನಡಕ ತೆಗೆದರು. "ಇಲ್ಲೇ ನಿನ್ನ ಕೈಗೆ ಕೊಟ್ರೆ ನೀನು ಅರಾದಿಗೆ ಹೋಗ್ತಿಯಾ? ನನ್ನ ಮಗಳನ್ನು ನೋಡ್ಲಿಕ್ಕೆ ಇಲ್ಲಿ ಬೇರೆ ಯಾರು ಉಂಟು?"

ಹೋಗುತ್ತಿದ್ದೆವು. ಪ್ರತಿ ಸಲ ಬಟ್ಟಲು ತರಲೆಂದೇ ಹೋಗುವುದು. ಪ್ರತಿ ಸಲ ಆ ಹುಡುಗಿ ಊಟ ಬಡಿಸಿ, ಮಗುವನ್ನು ಅಮ್ಮನ ಮಡಿಲಿಗೆ ಹಾಕಿ, ಹೊರಡುವಾಗ ಮಾತ್ರ ಬಟ್ಟಲಿನ ವಿಷಯಕ್ಕೆ ಕಿವುಡಿಯಾಗುತ್ತಿದ್ದಳು. ಕೊನೆಗೆ ಒಂದು ದಿನ ಒತ್ತಾಯಿಸಿ ಕೇಳಿದಾಗ ನಕ್ಕು, ಕೊಡಬಾರದೆಂದು ಉಮ್ಮನ ಆರ್ಡರ್ ಇದೆ ಎಂದಳು. ವಿಮಾನ ನಿಲ್ದಾಣದ ಹತ್ತಿರದ ಮನೆ. ಮಾತಿನ ನಡುವೆ ವಿಮಾನ ಹಾರಿದರೆ ಎಲ್ಲರೂ ಸುಮ್ಮನಾಗಿ, ಅದು ದಾಟಿದ ಮೇಲೆ ಬಿಟ್ಟಲ್ಲಿಂದ ಮುಂದುವರಿಸಬೇಕು. ಆಂಟಿ ಊರಿನಿಂದ ವಿಡಿಯೊದಲ್ಲಿ ಇಣುಕಿ, ಯಾರು ಬಂದಿದ್ದಾರೆ, ಏನು ತಿಂದರು ಎಂದು ವಿಚಾರಿಸಿಕೊಳ್ಳುತ್ತಿದ್ದರು. ಮೊದಲು ಕಾಣುತ್ತಿದ್ದದ್ದು ಈಗಲೂ ಹಣೆಯೇ.

ಈಗ ಅವರೇ ಇಲ್ಲ. ರಾತ್ರಿ ಎದೆನೋವು ಬಂದು, ಬೆಳಗಾಗುವಷ್ಟರಲ್ಲಿ ಎಲ್ಲ ಮುಗಿದಿತ್ತಂತೆ. ಮಧ್ಯಾಹ್ನದ ನಮಾಜಿನ ಹೊತ್ತಿಗೆ ಮಣ್ಣು ಮಾಡಿದರು; ಮಗಳಿಗೆ ವಿಮಾನ ಹಿಡಿದು ತಲುಪುವಷ್ಟು ಸಮಯವಿರಲಿಲ್ಲ. ಸಂಜೆ ನಾವು ಮೂವರೂ ಅರಾದಿಗೆ ಹೊರಟೆವು. ಕಾರು ಹತ್ತುವ ಮೊದಲು ಅಮ್ಮ ನಮ್ಮಿಬ್ಬರಿಗೂ ನೆನಪು ಮಾಡಿದರು. ಸಾವಿನ ಮನೆಯಲ್ಲಿ ಏನೂ ತಿನ್ನಬಾರದು, ಅಲ್ಲಿಂದ ಏನೂ ತರಬಾರದು, ಹೊರಡುವಾಗ 'ಬರ್ತೇವೆ' ಎಂದು ಹೇಳಬಾರದು. ಸುಮ್ಮನೆ ಎದ್ದು ಬರಬೇಕು.

ಮುಹರಕ್ಕಿನ ಸೇತುವೆಯ ಮೇಲೆ ಅಪ್ಪ ಇದ್ದಕ್ಕಿದ್ದಂತೆ ಮಾತಾಡಿದರು. "ನೀನು ಅಲ್ಲಿ ಅತ್ತದ್ದು ನನಗೆ ಗೊತ್ತಿತ್ತು."

ನಾನು ತಿರುಗಿ ನೋಡಿದೆ. ಊರಿನ ಸುದ್ದಿಯನ್ನೆಲ್ಲ ಹಂಚಿದ ಆಂಟಿ ನನ್ನದೊಂದು ಗುಟ್ಟನ್ನು ಮಾತ್ರ ಹೊಟ್ಟೆಯಲ್ಲಿ ಇಟ್ಟುಕೊಂಡರೆಂದು ಅಷ್ಟು ವರ್ಷ ಹೆಮ್ಮೆಪಟ್ಟಿದ್ದೆ.

"ಫೋನ್ ಇಟ್ಟ ಕೂಡ್ಲೇ ಬಂದು ಹೇಳಿದ್ರು. ನಾನು ಟಿಕೆಟ್ ಮಾಡ್ಲಿಕ್ಕೆ ಹೊರಟಿದ್ದೆ. ಬಾಗಿಲಿಗೆ ಅಡ್ಡ ಕುರ್ಚಿ ಹಾಕಿ ಕೂತ್ರು. ಮುಂದಿನ ಭಾನುವಾರದವರೆಗೆ ತಡೀರಿ ಅಣ್ಣ, ಬಟ್ಟಲು ಕೇಳ್ಲಿಕ್ಕೆ ಆ ಅಜ್ಜಿ ಬರದಿದ್ರೆ ನಾನೇ ನಿಮ್ಮೊಟ್ಟಿಗೆ ಟಿಕೆಟಿಗೆ ಬರ್ತೇನೆ, ಅಂತ. ಆ ವಾರ ನನಗೆ ನಿದ್ದೆಯೇ ಇಲ್ಲ. ಅವರಿಗೂ ಇರ್ಲಿಲ್ಲ. ರಾತ್ರಿ ಅವರ ಮನೆ ಲೈಟು ಕಾಣ್ತಿತ್ತು."

ಆಂಟಿ ಗುಟ್ಟು ಬಿಟ್ಟುಕೊಟ್ಟರೆಂದು ಸಿಟ್ಟು ಬರಬೇಕಿತ್ತು. ಬದಲಿಗೆ ನಗು ಬಂತು, ನಗುವಿನ ಹಿಂದೆಯೇ ಅಳು ಬಂತು. ಈ ಸಲ ಅಪ್ಪ ಟಿಕೆಟಿನ ಮಾತೆತ್ತಲಿಲ್ಲ.

ಅರಾದಿನ ಮನೆಯೊಳಗೆ ಹೆಂಗಸರು ಕೂತು ಕುರ್‌ಆನ್ ಓದುತ್ತಿದ್ದರು. ಆ ಹುಡುಗಿ ನನ್ನ ಅಮ್ಮನ ಹೆಗಲಿಗೆ ಒರಗಿ ಬಹಳ ಹೊತ್ತು ಕುಳಿತಳು. ನಾವು ಎದ್ದಾಗ ಅವಳು ಒಳಗೆ ಹೋದಳು. ಬರುವಾಗ ಅವಳ ಕೈಯಲ್ಲಿ ನೀಲಿ ಅಂಚಿನ ಬಿಳಿ ಬಟ್ಟಲು. ಅದರ ತುಂಬ ಖರ್ಜೂರ. ಅದನ್ನು ಅಮ್ಮನ ಮುಂದೆ ಹಿಡಿದಳು.

"ತಕೊಳ್ಳಿ ಆಂಟಿ. ಉಮ್ಮ ಹೇಳಿದ್ದಕ್ಕೆ ಇಷ್ಟು ದಿನ ಕೊಡದೆ ಇದ್ದದ್ದು. ಇನ್ನು ನಾನು ಇಟ್ಕೊಂಡ್ರೆ ಸರಿಯಾಗುದಿಲ್ಲ. ಖಾಲಿ ಕೊಟ್ರೆ ಉಮ್ಮ ಬೈತಾರೆ, ಹಾಗೆ ಸ್ವಲ್ಪ ಹಾಕಿದ್ದೇನೆ."

ಬಟ್ಟಲು ನಮ್ಮ ಕೈಗೆ ಬಂದರೆ ಅರಾದಿಗೆ ಬರಲು ಇನ್ನು ನೆಪವಿಲ್ಲ. ತೆಗೆದುಕೊಳ್ಳದಿದ್ದರೆ, ತುಂಬಿದ ಬಟ್ಟಲು ಹಿಡಿದು ನಿಂತ ಆ ಹುಡುಗಿಯ ಮುಖ ನೋಡುವುದು ಹೇಗೆ? ಅಪ್ಪ ಅಮ್ಮನನ್ನು ನೋಡಿದರು.

ಅಮ್ಮ ಬಟ್ಟಲಿನಿಂದ ಒಂದು ಖರ್ಜೂರ ಎತ್ತಿ ಬಾಯಿಗೆ ಹಾಕಿಕೊಂಡರು. ಮತ್ತೆ ಆ ಹುಡುಗಿಯ ಎರಡೂ ಕೈಗಳನ್ನು ಬಟ್ಟಲಿನ ಸುತ್ತ ಒತ್ತಿ ಹಿಡಿದು, ಅದನ್ನು ಅವಳ ಕಡೆಗೇ ದೂಡಿದರು.

"ಬಟ್ಟಲು ಇಲ್ಲೇ ಇರ್ಲಿ ಮಗಳೇ" ಎಂದರು. "ನಾವು ಬರ್ತೇವೆ."

ಮನೆ ತಲುಪಿ ಲಿಫ್ಟಿನಿಂದ ಇಳಿದಾಗ ಅಮ್ಮ ಎದುರಿನ ಮುಚ್ಚಿದ ಬಾಗಿಲನ್ನು ನೋಡುತ್ತ ಸ್ವಲ್ಪ ಹೊತ್ತು ನಿಂತರು. ಆ ಖರ್ಜೂರದ ಬೀಜ ಇನ್ನೂ ಅವರ ಮುಷ್ಟಿಯಲ್ಲೇ ಇತ್ತು.